ಹೊಲ ಮಾರಿ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಮ್ಮ ಮಗಳಿಗೆ 11 ವರ್ಷ, ಟೈಪ್ 1 ಶುಗರ್. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಎಷ್ಟೋ ಸಲ ನಡುರಾತ್ರಿ ಶುಗರ್ ಲೋ ಆಗಿ ಬೆವರುತ್ತಾಳೆ, ಎಬ್ಬಿಸಿ ಸಕ್ಕರೆ ನೀರು ಕುಡಿಸುತ್ತೇನೆ. ಸ್ಟೆಮ್ ಸೆಲ್‌ನಿಂದ ಇನ್ಸುಲಿನ್ ಕೋಶ ಬೆಳೆಸಿದ್ದಾರೆ ಅಂತ ಓದಿದೆ. ಇಲ್ಲೊಬ್ಬರು ನಾಲ್ಕು ಲಕ್ಷಕ್ಕೆ ಆ ಇಂಜೆಕ್ಷನ್ ಕೊಡುತ್ತಾರಂತೆ. ಹೊಲ ಮಾರೋಣ ಅಂತಾರೆ ನಮ್ಮ ಮನೆಯವರು.
– ಒಬ್ಬ ತಾಯಿ, ರೋಣ ತಾಲ್ಲೂಕು

ಉತ್ತರ: ಹೊಲ ಮಾರಬೇಡಿ, ತಾಯಿ. ಉಳಿದದ್ದನ್ನು ನಿಧಾನಕ್ಕೆ ಓದಿ.

ನೀವು ಓದಿದ್ದು ಸುಳ್ಳಲ್ಲ. 2014ರಲ್ಲೇ ಹಾರ್ವರ್ಡ್‌ನ ಡಗ್ಲಾಸ್ ಮೆಲ್ಟನ್ ತಂಡ ಮನುಷ್ಯರ ಸ್ಟೆಮ್ ಸೆಲ್‌ನಿಂದ, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶದಿಂದ, ಬೀಟಾ ಕೋಶ ಬೆಳೆಸಿತು. ಇನ್ಸುಲಿನ್ ತಯಾರಿಸುವುದು ಈ ಬೀಟಾ ಕೋಶಗಳೇ, ಟೈಪ್ 1ರಲ್ಲಿ ಸತ್ತುಹೋಗುವುದೂ ಇವೇ. ಮೆಲ್ಟನ್ ಅವರ ಇಬ್ಬರು ಮಕ್ಕಳಿಗೂ ಟೈಪ್ 1 ಇದೆ. ನಿಮ್ಮ ಸಂಕಟ ಅವರಿಗೆ ಹೊಸದಲ್ಲ.

ಮತ್ತೆ ಅದು ಚಿಕಿತ್ಸೆಯಾಗಲು ಇಷ್ಟು ವರ್ಷ ಯಾಕೆ ಹಿಡಿಯುತ್ತಿದೆ? ಇನ್ಸುಲಿನ್ ಬಿಡುವ ಕೋಶ ಮಾಡಬಹುದು, ಬೇಕಾದಾಗ ನಿಲ್ಲಿಸುವ ಕೋಶ ಮಾಡುವುದೇ ಕಷ್ಟ. ಇನ್ನೂ ಬಲಿಯದ ಎಳೆ ಕೋಶ ಅಂದರೆ ಬಂದ್ ಮಾಡಲು ಬಾರದ ನಳ. ರಕ್ತದಲ್ಲಿ ಸಕ್ಕರೆ ಇಳಿದಿದ್ದರೂ ಇನ್ಸುಲಿನ್ ಸುರಿಸುತ್ತಿರುತ್ತದೆ. ನಡುರಾತ್ರಿಯ ಲೋ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಇಂಜೆಕ್ಷನ್ ಆದರೆ ನಾಳೆ ಡೋಸ್ ಇಳಿಸಬಹುದು. ಮೈಯೊಳಗೆ ಕೂತ ಕೋಶಕ್ಕೆ ಯಾರು ಹೇಳಬೇಕು?

ಬಲಿತ ಕೋಶ ಹಾಗಲ್ಲ. ಗ್ಲೂಕೋಸನ್ನು ಒಳಗೆಳೆದು ಉರಿಸುತ್ತದೆ, ಅದರಿಂದ ಹುಟ್ಟಿದ ಶಕ್ತಿಯ ಲೆಕ್ಕದ ಮೇಲೆ ಇನ್ಸುಲಿನ್ ಬಿಡುತ್ತದೆ. ಸಕ್ಕರೆ ಇಳಿದರೆ ಸುಮ್ನಾಗುತ್ತದೆ. ಹುಟ್ಟಿದ ಕೂಸಿನ ಕೋಶಗಳಿಗೂ ಇದು ಪೂರ್ತಿ ಬರುವುದು ಹುಟ್ಟಿದ ಮೇಲೆಯೇ. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಥಿಯಾಸ್ ಹೆಬ್ರೋಕ್ ತಂಡ ಎಳೆ ಕೋಶಗಳನ್ನು ಬಿಡಿಬಿಡಿ ಮಾಡಿ, ಬೇಡದವನ್ನು ತೆಗೆದು, ಬೀಟಾ ಕೋಶಗಳನ್ನಷ್ಟೇ ಮತ್ತೆ ಸಣ್ಣ ಗುಂಪಾಗಿ ಕೂಡಲು ಬಿಟ್ಟಿತು. ಮೇದೋಜೀರಕದಲ್ಲೂ ಅವು ಗುಂಪಾಗಿಯೇ ಇರುತ್ತವೆ ಅಲ್ವಾ? ಹಾಗೆ ಗುಂಪು ಕೂಡಿದ ಮೇಲೆ ಚೆನ್ನಾಗಿ ಬಲಿತವು. ಇಲಿಗಳ ಮೈಯಲ್ಲಿ ಕೆಲವೇ ದಿನಗಳಲ್ಲಿ ಕೆಲಸ ಶುರು ಮಾಡಿದವು.

ಮನುಷ್ಯರ ಮೇಲೂ ಪ್ರಯೋಗ ನಡೆದಿದೆ. 2025ರಲ್ಲಿ ಅಮೆರಿಕದ ವರ್ಟೆಕ್ಸ್ ಔಷಧ ಕಂಪನಿಯ ಪ್ರಯೋಗದ ವರದಿ ಬಂತು. ಲಿವರ್‌ಗೆ ಹೋಗುವ ರಕ್ತನಾಳದ ಮೂಲಕ ಸ್ಟೆಮ್ ಸೆಲ್‌ನಿಂದ ಬೆಳೆಸಿದ ಕೋಶಗಳ ಪೂರ್ತಿ ಡೋಸ್ ಒಂದೇ ಸಲಕ್ಕೆ ಪಡೆದ 12 ಜನರಲ್ಲಿ 10 ಮಂದಿಗೆ ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಿರಲಿಲ್ಲ. ನನಗೂ ಓದಿ ಖುಷಿಯಾಯಿತು. ಆದರೆ ಅವರೆಲ್ಲ ದೊಡ್ಡವರು, ಲೋ ಆಗಿ ಜೀವಕ್ಕೇ ಕುತ್ತು ಬಂದಿದ್ದವರು. ಹೊಸ ಕೋಶಗಳನ್ನು ಮೈ ಕೊಲ್ಲದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಪ್ರಯೋಗಕ್ಕೆ ಸೇರಿದ ಒಬ್ಬರು ಮಿದುಳು ಪೊರೆಯ ಸೋಂಕಿನಿಂದ ತೀರಿಕೊಂಡರು. 11 ವರ್ಷದ ಹುಡುಗಿಗೆ ಈಗ ಇದು ಬೇಡ.

ಇನ್ನು ನಾಲ್ಕು ಲಕ್ಷದವರು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಪ್ರಕಾರ ಶುಗರ್‌ಗೆ ಸ್ಟೆಮ್ ಸೆಲ್ ಕೊಡುವುದಾದರೆ ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬೇಕು. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ನಂಬರ್ ಬರೆದು ಕೊಡಿ ಅಂತ ಕೇಳಿ ನೋಡಿ, ಮಾತು ಬದಲಿಸುತ್ತಾರೆ.

ಅದಕ್ಕಿಂತ ರಾತ್ರಿಯ ಲೋ ಬಗ್ಗೆ ನನಗೆ ಚಿಂತೆ ಜಾಸ್ತಿ. ಡೋಸ್ ಹೆಚ್ಚಾಗಿರಬಹುದು. ಒಂದು ವಾರ ಮಲಗುವಾಗ ಮತ್ತು ರಾತ್ರಿ ಮೂರಕ್ಕೆ ಶುಗರ್ ನೋಡಿ ಡೈರಿಯಲ್ಲಿ ಬರೆಯಿರಿ. ಧಾರವಾಡದ ನಮ್ಮ ಓಪಿಡಿಗೆ ನರಗುಂದದಿಂದ ಬರುವ ಒಬ್ಬ ತಾಯಿ ಅಂಚಿನಲ್ಲಿ ‘ಇವತ್ತು ಖೋಖೋ ಆಡಿದ್ಲು’ ಅಂತಲೂ ಬರೆದಿರುತ್ತಾರೆ. ನನಗೆ ಬೇಕಾದದ್ದು ಅದೇ ಸಾಲು. ಸಂಜೆ ಜೋರಾಗಿ ಆಡಿದರೆ ರಾತ್ರಿ ಶುಗರ್ ಇಳಿಯುತ್ತದೆ. ಆ ಡೈರಿ ಹಿಡಿದು ನಿಮ್ಮ ಡಾಕ್ಟರ್ ಹತ್ತಿರ ಈ ತಿಂಗಳೇ ಹೋಗಿ.