ಗುಲ್ಮಾರ್ಗದಲ್ಲಿ ಹಿಮ ಸಿಗುತ್ತದಾ ಎಂದು ಕೇಳಿದ ಮುಳ್ಳೇರಿಯದ ಅಣ್ಣನಿಗೆ

ಅಣ್ಣ, ನಮ್ಮ ಮಳೆ ಲೆಕ್ಕದ ಗುಂಪಿನಲ್ಲಿ ಹಿಮದ ಪ್ರಶ್ನೆ ಬಂದದ್ದು ನೋಡಿ ಖುಷಿಯಾಯಿತು. ಕ್ರಿಸ್‌ಮಸ್ ರಜೆಯಲ್ಲಿ ಡಿಸೆಂಬರ್ 24ರಿಂದ 28ರವರೆಗೆ ಮಕ್ಕಳನ್ನು ಕಾಶ್ಮೀರದ ಗುಲ್ಮಾರ್ಗಕ್ಕೆ ಕರಕೊಂಡು ಹೋಗಿ ಸ್ಕೀ (ಕಾಲಿಗೆ ಉದ್ದ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುವ ಆಟ) ಕಲಿಸಬೇಕು, ಹಿಮ ಗ್ಯಾರಂಟಿ ಉಂಟಾ, ಮೊಬೈಲಿನ ಹವಾಮಾನ ಆ್ಯಪ್ ತೋರಿಸುವುದನ್ನು ನಂಬಬಹುದಾ ಎಂದು ಕೇಳಿದ್ದೀರಿ. ನಾನು ಎರಡು ಸಲ ಹೋಗಿದ್ದೇನೆ. ಒಂದು ಸಲ ಹಿಮವೇ ಸಿಗಲಿಲ್ಲ, ಇನ್ನೊಂದು ಸಲ ಮನಸ್ಸು ತುಂಬುವಷ್ಟು ಸಿಕ್ಕಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗ್ಯಾರಂಟಿ ಇಲ್ಲ. ಸ್ಕೀ ಕಲಿಸುವುದೇ ಮುಖ್ಯ ಅಂತಾದರೆ ಆ ದಿನಾಂಕಕ್ಕೆ ಟಿಕೆಟ್ ಮಾಡಬೇಡಿ.

ನಾನು ಮೊದಲು ಹೋದದ್ದು 2024ರ ಜನವರಿ ಎರಡನೇ ವಾರ. ಜನವರಿ ಅಂದರೆ ಅಲ್ಲಿ ಹಿಮ ಇದ್ದೇ ಇರುತ್ತದೆ ಎಂದು ಪ್ಯಾಕೇಜ್ ಮಾಡಿಕೊಟ್ಟವರು ಹೇಳಿದ್ದರು. ಹೋಗಿ ನೋಡಿದರೆ ಇಡೀ ಹುಲ್ಲುಗಾವಲು ಕಂದು ಬಣ್ಣ. ನಮ್ಮ ಪದವಿನ (ಗುಡ್ಡದ ಮೇಲಿನ ಬಯಲಿನ) ಹುಲ್ಲು ಮಾರ್ಚ್‌ನಲ್ಲಿ ಹೇಗಿರುತ್ತದೋ ಹಾಗೆಯೇ ಇತ್ತು. ಮಗಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಚಳಿ ಮಾತ್ರ ವಿಪರೀತ. ಆ ವರ್ಷ ಹೇಳಿಕೊಳ್ಳುವಂಥ ಹಿಮ ಬಿದ್ದದ್ದು ಜನವರಿ ಕೊನೆಗೆ. ಮರುವರ್ಷವೂ ಹಾಗೇ ಆಯಿತು. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗದಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು.

ನಾವು ತಪ್ಪುವುದು ಎಲ್ಲಿ ಅಂದರೆ, ಚಳಿ ಇದ್ದರೆ ಹಿಮ ಬೀಳುತ್ತದೆ ಎಂದುಕೊಳ್ಳುತ್ತೇವೆ. ಕಾಶ್ಮೀರದವರು ಡಿಸೆಂಬರ್ 21ರಿಂದ 40 ದಿನಗಳನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ. ವರ್ಷದಲ್ಲೇ ಕಡು ಚಳಿಯ ಕಾಲ ಅದು. ಆದರೆ ಹಿಮಕ್ಕೆ ಚಳಿಯ ಜೊತೆ ತೇವವೂ ಬೇಕು. ಆ ತೇವ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಮೋಡಗಳ ಗುಂಪು. ಚಳಿಗಾಲದಲ್ಲಿ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಕೆಲವು ಬರೀ ಮೋಡ ತೋರಿಸಿ ಹೋಗುತ್ತವೆ, ಕೆಲವು ಎರಡು ದಿನ ನಿಂತು ಸುರಿಯುತ್ತವೆ. ನಮ್ಮಲ್ಲಿ ಜೂನ್ ಒಂದಕ್ಕೆ ಮಳೆ ಬರಲೇಬೇಕು ಅಂತ ಇಲ್ಲವಲ್ಲ, ಅದೇ ಲೆಕ್ಕ.

ಇನ್ನು ಆ್ಯಪ್ ವಿಷಯ. ತೋಟಕ್ಕೆ ಮದ್ದು ಬಿಡಲು ನಾವು ಹತ್ತು ದಿನ ಮುಂಚಿನ ಮುನ್ಸೂಚನೆ ನಂಬುತ್ತೇವಾ? ಇಲ್ಲ ಅಲ್ವಾ. ಅಲ್ಲಿಯೂ ನಾಲ್ಕೈದು ದಿನದ ಒಳಗಿನದ್ದನ್ನು ಮಾತ್ರ ಗಟ್ಟಿಯಾಗಿ ತೆಗೆದುಕೊಳ್ಳಿ. ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ಮುನ್ಸೂಚನೆ ದಿನಾ ಸಿಗುತ್ತದೆ, ಮೊದಲು ಅದನ್ನೇ ನೋಡಿ. ಆ್ಯಪ್ ತೋರಿಸುವ ಅಂಕಿ ಯಾವ ಎತ್ತರದ್ದು ಎಂಬುದನ್ನೂ ಗಮನಿಸಬೇಕು. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಗುಲ್ಮಾರ್ಗ ಸುಮಾರು 2,650. ಗೊಂಡೋಲಾದ (ಬೆಟ್ಟಕ್ಕೆ ತಂತಿಯ ಮೇಲೆ ಹೋಗುವ ಕೇಬಲ್ ಕಾರ್) ಎರಡನೇ ಹಂತ ಅಫರ್ವಾಟ್ ಬೆಟ್ಟದಲ್ಲಿ 3,900 ಮೀಟರ್ ದಾಟುತ್ತದೆ. ಸಾವಿರ ಮೀಟರ್ ಏರಿದರೆ ಹೆಚ್ಚುಕಡಿಮೆ 6 ಡಿಗ್ರಿ ಇಳಿಯುತ್ತದೆ. ಶ್ರೀನಗರದಲ್ಲಿ 4 ಡಿಗ್ರಿಯಲ್ಲಿ ಮಳೆ ಹನಿಯುವಾಗ ಗುಲ್ಮಾರ್ಗದಲ್ಲಿ ಹಿಮ ಬೀಳುವುದು ಇದಕ್ಕೇ. ಗೊಂಡೋಲಾದ ತುದಿಯಲ್ಲಿ ಇನ್ನೂ 7-8 ಡಿಗ್ರಿ ಕಡಿಮೆ, ಅದರ ಮೇಲೆ ಗಾಳಿ.

ನಮ್ಮ ಗುಂಪಿನವರಿಗೆ ಇಷ್ಟವಾಗುವ ಒಂದು ಲೆಕ್ಕ ಹೇಳುತ್ತೇನೆ. ಹೊಸದಾಗಿ ಬಿದ್ದ 10 ಸೆಂಟಿಮೀಟರ್ ಹಿಮ ಕರಗಿಸಿದರೆ ಸಿಗುವುದು ಸುಮಾರು 1 ಸೆಂಟಿಮೀಟರ್ ನೀರು. ಅಂದರೆ ನಮ್ಮ ಮಳೆಮಾಪಕದ 10 ಮಿಲಿಮೀಟರ್. ವರದಿಯಲ್ಲಿ 20 ಮಿ.ಮೀ. ಅಂತ ಕಂಡರೆ ಇಷ್ಟೇನಾ ಎನ್ನಬೇಡಿ, ನೆಲದ ಮೇಲೆ ಅದು ಒಂದು ಗೇಣು ಹಿಮ. ಜುಲೈಯಲ್ಲಿ ನಾವು ಇಲ್ಲಿ ಒಂದೇ ದಿನಕ್ಕೆ 100 ಮಿ.ಮೀ. ಬರೆದು ಹಾಕುತ್ತೇವಲ್ಲ, ಅಲ್ಲಿ ಅಷ್ಟೇ ನೀರು ಹಿಮವಾಗಿ ಬಿದ್ದರೆ ಒಂದು ಮೀಟರ್!

ಆದರೆ ಬೀಳುವುದು ಬೇರೆ, ನಿಲ್ಲುವುದು ಬೇರೆ. ಬಿದ್ದ ಹಿಮ ಎರಡೇ ದಿನದಲ್ಲಿ ತನ್ನ ಭಾರಕ್ಕೇ ಕುಸಿದು ಕಡಿಮೆಯಾಗುತ್ತದೆ. ಬಿಸಿಲು ತಾಗುವ ತೆಂಕು ಮುಖದ ಇಳಿಜಾರಿನಲ್ಲಿ ಬೇಗ ಕರಗುತ್ತದೆ, ಬಡಗು ಮುಖದಲ್ಲಿ ತುಂಬಾ ದಿನ ಪುಡಿಯಾಗಿಯೇ ಉಳಿಯುತ್ತದೆ. ಹಾಗಾಗಿ 'ನಿನ್ನೆ ಹಿಮ ಬಿತ್ತಂತೆ' ಎಂಬ ಸುದ್ದಿ ಸಾಲದು. ಈಗ ನೆಲದ ಮೇಲೆ ಎಷ್ಟು ಇದೆ ಎಂದು ಕೇಳಿ. ನಾನು ಎರಡನೇ ಸಲ 2025ರ ಮಾರ್ಚ್ ಎರಡನೇ ವಾರ ತಮ್ಮನ ಜೊತೆ ಹೋದೆ. ಫೆಬ್ರವರಿ ಕೊನೆಗೆ ಜೋರಾಗಿ ಬಿದ್ದದ್ದು ಗೊತ್ತಾದ ಮೇಲೆಯೇ ಟಿಕೆಟ್ ಮಾಡಿದ್ದು. ದುಡ್ಡು ಸ್ವಲ್ಪ ಜಾಸ್ತಿ ಹೋಯಿತು, ಆದರೆ ಹಿಮ ಸಿಕ್ಕಿತು. ಮಾರ್ಚ್‌ನಲ್ಲಿ ಇನ್ನೊಂದು ವಿಷಯ ಉಂಟು. ಹಗಲು ಕರಗಿದ್ದು ರಾತ್ರಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಸಿಮೆಂಟ್ ಅಂಗಳದ ಹಾಗೆ, ಹನ್ನೊಂದಕ್ಕೆ ಹದ, ಮಧ್ಯಾಹ್ನ ಮೂರಕ್ಕೆ ಕೆಸರಿನ ಹಾಗೆ. ಕಲಿಯುವವರು ಆ ಹದದ ಹೊತ್ತಿಗೆ ಇಳಿಯಬೇಕು. ಗಟ್ಟಿ ಐಸಿನ ಮೇಲೆ ಬಿದ್ದರೆ ಮಣಿಕಟ್ಟಿಗೆ ಪೆಟ್ಟು.

ನಿಮ್ಮ ಮಕ್ಕಳಿಗೆ ಗುಲ್ಮಾರ್ಗದ ಕೆಳಗಿನ ಸಣ್ಣ ಇಳಿಜಾರುಗಳೇ ಸಾಕು. ಅಲ್ಲೇ ಶಿಕ್ಷಕರು ಸಿಗುತ್ತಾರೆ, ಸ್ಕೀ, ಬೂಟು ಬಾಡಿಗೆಗೂ ಸಿಗುತ್ತದೆ. ಅಡಿಕೆ ಹಾಳೆಯಲ್ಲಿ ಕೂತು ಗುಡ್ಡದಿಂದ ಜಾರಿ ಬೆಳೆದ ಮಕ್ಕಳಿಗೆ ಬ್ಯಾಲೆನ್ಸ್ ಹಿಡಿಯುವುದು ಬೇಗ ಬರುತ್ತದೆ, ನನ್ನ ತಮ್ಮನನ್ನು ನೋಡಿಯೇ ಹೇಳುತ್ತಿದ್ದೇನೆ. ಗೊಂಡೋಲಾದ ಎರಡನೇ ಹಂತಕ್ಕೆ ನೋಡಲು ಹೋಗಿ, ಆದರೆ ಗುರುತು ಹಾಕಿದ ಜಾಗ ಬಿಟ್ಟು ಒಂದು ಹೆಜ್ಜೆಯೂ ಆಚೆ ಬೇಡ. ಹಿಮ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅದೂ ದೊಡ್ಡ ಹಿಮ ಬಿದ್ದ ಮೊದಲ ಒಂದೆರಡು ದಿನಗಳಲ್ಲಿ. ಅಫರ್ವಾಟ್‌ನಲ್ಲಿ 2023ರ ಫೆಬ್ರವರಿಯಲ್ಲೂ 2024ರ ಫೆಬ್ರವರಿಯಲ್ಲೂ ಹೊರದೇಶದ ಸ್ಕೀ ಆಟಗಾರರು ಹೀಗೆ ಸತ್ತಿದ್ದಾರೆ. ಹಿಮಕುಸಿತದ ಎಚ್ಚರಿಕೆ ಇದ್ದ ದಿನ ಹೋಟೆಲಿನಲ್ಲೇ ಇರಿ. ಗಾಳಿ ಜೋರಾದರೆ ಗೊಂಡೋಲಾವನ್ನೂ ನಿಲ್ಲಿಸುತ್ತಾರೆ. ಅದಕ್ಕೆ ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಲೇಬೇಕು.

ಬಟ್ಟೆಯಲ್ಲಿ ಜೀನ್ಸ್ ಬೇಡವೇ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಚಳಿ ಮೂಳೆಗೆ ಹೋಗುತ್ತದೆ. ಮೈಗಂಟುವ ಥರ್ಮಲ್, ಮೇಲೆ ಉಣ್ಣೆ, ಹೊರಗೆ ನೀರು ಇಳಿಯದ ಜಾಕೆಟ್. ಕಪ್ಪು ಕನ್ನಡಕ ಮರೆಯಬೇಡಿ, ಹಿಮದ ಮೇಲಿನ ಬಿಸಿಲು ಕಣ್ಣಿಗೆ ನಿಜವಾಗಿ ತೊಂದರೆ ಕೊಡುತ್ತದೆ. ಹಿಮ ಇದ್ದಾಗ ಬೆಟ್ಟದ ಬುಡದ ಊರಾದ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಚೈನ್ ಹಾಕಿದ ಗಾಡಿ ಅಥವಾ 4x4 ಗಾಡಿಗಳನ್ನು ಮಾತ್ರ ಬಿಡುತ್ತಾರೆ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ.

ಡಿಸೆಂಬರ್ ಬಿಟ್ಟರೆ ಬೇರೆ ರಜೆ ಇಲ್ಲ ಅಂತಾದರೆ ಶ್ರೀನಗರ, ಪಹಲ್ಗಾಮ್ ಎಲ್ಲ ಸೇರಿಸಿ ಸುಮ್ನೆ ಊರು ನೋಡುವ ಪ್ರವಾಸ ಮಾಡಿ, ಸ್ಕೀ ಕ್ಲಾಸಿಗೆ ಮುಂಗಡ ಕೊಡಬೇಡಿ. ಶಾಲೆಗೆ ನಾಲ್ಕು ದಿನ ರಜೆ ಹಾಕಬಹುದಾದರೆ ಜನವರಿ ಕೊನೆಯಿಂದ ಫೆಬ್ರವರಿ ಕೊನೆಯೊಳಗೆ ಒಂದು ವಾರ ಮನಸ್ಸಿನಲ್ಲಿಟ್ಟುಕೊಳ್ಳಿ. ಐದು ದಿನ ಮುಂಚೆ ಹೋಟೆಲಿನವರಿಗೆ ಫೋನ್ ಮಾಡಿ, ಅವತ್ತಿನ ಬೆಳಗ್ಗಿನ ಇಳಿಜಾರಿನ ಫೋಟೋ ಕಳಿಸಲು ಹೇಳಿ. ಹಳೇ ಫೋಟೋ ಅಲ್ಲ ಎಂದು ಖಚಿತ ಮಾಡಿಕೊಂಡು ಇಲ್ಲಿ ಹಾಕಿ, ಮುನ್ಸೂಚನೆ ಜೊತೆಗಿಟ್ಟು ನೋಡಿ ಹೇಳುತ್ತೇನೆ.