ನಿಮ್ಮ ರಾಜಿಗೆ ನೀವೇ ಟೀ ಕಾಸಿದಿರಾ?

ಈ ಪತ್ರಕ್ಕೆ ಉತ್ತರ ತಡವಾಯ್ತು. ಬರೆಯಲು ಕೂತಾಗೆಲ್ಲ ಸಿಟ್ಟು ಬರುತ್ತಿತ್ತು, ಎದ್ದುಹೋಗುತ್ತಿದ್ದೆ.

ಬರೆದವರು ದಾವಣಗೆರೆಯ ವಿನೋಬನಗರದ ಕಡೆ ಮಂಡಕ್ಕಿ-ಮಿರ್ಚಿ ಗಾಡಿ ಇಟ್ಟಿರುವ ಹೆಣ್ಣುಮಗಳು. ನಾಲ್ಕು ತಿಂಗಳ ಹಿಂದೆ ಅದೇ ಬೀದಿಯ 19 ವರ್ಷದ ಹುಡುಗ ರಾತ್ರಿ ಕುಡಿದು, ಗೆಳೆಯರ ಜೊತೆ ಪಂಥ ಕಟ್ಟಿ, ಇವರ ಗಾಡಿ ಉರುಳಿಸಿದ. ಗಾಜಿನ ಪೆಟ್ಟಿಗೆ ಪುಡಿಪುಡಿ, ಸ್ಟೌ ಚರಂಡಿಗೆ. ಕೇಸಾಯಿತು. ಈಗ ಹುಡುಗನ ಅಪ್ಪ 40 ಸಾವಿರ ಕೊಡ್ತೀನಿ ಅನ್ನುತ್ತಿದ್ದಾರೆ, ರಾಜಿ ಪತ್ರವೂ ರೆಡಿ. 'ಹುಡುಗನ ಭವಿಷ್ಯ ಹಾಳಾಗುತ್ತೆ ಅಂತಾರೆ, ಸಹಿ ಹಾಕಲಾ?' ಇದು ಪ್ರಶ್ನೆ.

ಮೂರನೇ ಪುಟದಲ್ಲಿ, ಗಾಡಿ ರಿಪೇರಿ ಲೆಕ್ಕದ ನಡುವೆ, ಒಂದು ಸಾಲಿದೆ. 'ಮಾತುಕತೆ ಚಿಕ್ಕಪ್ಪನ ಮನೇಲಿ ಆಯ್ತು, ನಾನು ಒಳಗೆ ಟೀ ಮಾಡ್ತಿದ್ದೆ.'

ಅಲ್ಲಾ ಅಕ್ಕಾ, ಗಾಡಿ ಯಾರದ್ದು? ನಿಮ್ಮನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ನಡುಮನೆಯಲ್ಲಿ ನಿಮ್ಮ ನಷ್ಟಕ್ಕೆ ರೇಟು ಕಟ್ಟಿದರಲ್ಲ! ಹುಡುಗನೂ ಅಲ್ಲಿರಲಿಲ್ಲ, ಅವನನ್ನು ಅಜ್ಜಿ ಊರಿಗೆ ಕಳಿಸಿದ್ದರಂತೆ. ಹಿರಿಯರು ಅನ್ನಿಸಿಕೊಂಡವರ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಗೊಣಗಿದ್ದೇನೋ ಲೆಕ್ಕವಿಲ್ಲ, ಇವತ್ತೂ ಗೊಣಗುತ್ತೇನೆ. ಹುಡುಗನಿಗಿಂತ ನಿಮ್ಮ ಚಿಕ್ಕಪ್ಪನ ಮೇಲೇ ನನಗೆ ಸಿಟ್ಟು ಜಾಸ್ತಿ. ಅವನು ಕುಡಿದು ಮಾಡಿದ. ಇವರು ಎಚ್ಚರವಾಗಿದ್ದೇ ಮಾಡಿದರು. ಬರೀ ನಿಮ್ಮ ವಸ್ತು ಹಾಳುಮಾಡಿದ ಕೇಸಾದರೆ ರಾಜಿ ಆಗಬಹುದು, ನಿಜ. ಆದರೆ ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಸೆಕ್ಷನ್ ಪ್ರಕಾರ ರಾಜಿ ಮಾಡಿಕೊಳ್ಳಬೇಕಾದವರು ನಷ್ಟ ಆದವರು. ಅದರಲ್ಲಿ ಚಿಕ್ಕಪ್ಪನ ಮಾತೇ ಬರುವುದಿಲ್ಲ.

ಭವಿಷ್ಯದ ಮಾತಿಗೂ ಜಾಸ್ತಿ ಹೆದರಬೇಡಿ. ಜೀವಾವಧಿಯಂಥ ದೊಡ್ಡ ಅಪರಾಧ ಬಿಟ್ಟರೆ, 21 ತುಂಬದವರನ್ನು ಜೈಲಿಗೆ ಕಳಿಸಲು ನ್ಯಾಯಾಧೀಶರು ಕಾರಣ ಬರೆಯಬೇಕು ಅಂತ, ಜೈಲಿನ ಬದಲು ನಿಗಾದಲ್ಲಿಟ್ಟು ತಿದ್ದುವ 1958ರ ಪ್ರೊಬೇಷನ್ ಕಾಯ್ದೆಯಲ್ಲೇ ಇದೆ.

1974ರಲ್ಲಿ ಕೆನಡಾದ ಎಲ್ಮೈರಾ ಅನ್ನೋ ಊರಲ್ಲಿ ಇಬ್ಬರು ಹುಡುಗರು ಹೀಗೇ ಕುಡಿದು, ಒಂದೇ ರಾತ್ರಿ 22 ಕಡೆ ಟೈರು ಕೊಯ್ದು ಕಿಟಕಿ ಒಡೆದಿದ್ದರು. ಮಾರ್ಕ್ ಯಾಂಟ್ಜಿ ಅನ್ನೋ ಪ್ರೊಬೇಷನ್ ಅಧಿಕಾರಿ, ಇವರು ಹೋಗಿ ಆ ಜನರ ಮುಖ ನೋಡಲಿ ಅಂದ. ನ್ಯಾಯಾಧೀಶರು ಒಪ್ಪಿದರು. ಹುಡುಗರು ತಾವೇ ಬಾಗಿಲು ತಟ್ಟಿ, ನಾವೇ ಮಾಡಿದ್ದು ಅಂತ ಹೇಳಿ, ನಷ್ಟ ಎಷ್ಟು ಅಂತ ಕೇಳಿಕೊಂಡು ಬಂದು, ಆಮೇಲೆ ದುಡ್ಡು ತುಂಬಿಕೊಟ್ಟರು. ತಪ್ಪು ಮಾಡಿದವರು ನೊಂದವರ ಎದುರೇ ಕೂತು ನಷ್ಟ ಸರಿಪಡಿಸೋದಕ್ಕೆ ಈಗ ರಿಸ್ಟೋರೇಟಿವ್ ಜಸ್ಟಿಸ್ ಅಂತಾರೆ, ಅದರ ಬೇರು ಹುಡುಕುವವರು ಈ ಕೇಸನ್ನು ನೆನೆಯುತ್ತಾರೆ. ಅಷ್ಟು ದೂರ ಯಾಕೆ, ಸಿರಿಗೆರೆ ಮಠದಲ್ಲಿ ಜನರ ವ್ಯಾಜ್ಯ ಬಗೆಹರಿಸಲು ಸೋಮವಾರ ನಡೆಯುವ ಸದ್ಧರ್ಮ ನ್ಯಾಯಪೀಠದಲ್ಲೂ ಎರಡೂ ಕಡೆಯವರು ಎದುರೇ ನಿಂತು ಮಾತಾಡುತ್ತಾರೆ.

ಮುಖ ನೋಡಿ ಏನು ಮಾಡಲಿ ಅನ್ನಬೇಡಿ. ರಾತ್ರಿ ಹತ್ತರವರೆಗೆ ಇರುತ್ತಿದ್ದ ಗಾಡಿಯನ್ನು ಈಗ ಏಳೂವರೆಗೇ ಮುಚ್ಚುತ್ತೀರಿ, ಬೈಕು ಬಂದು ನಿಂತರೆ ಎದೆ ಹೊಡೆದುಕೊಳ್ಳುತ್ತೆ ಅಂತ ನೀವೇ ಬರೆದಿದ್ದೀರಿ. 40 ಸಾವಿರದಲ್ಲಿ ಇದಕ್ಕೆ ಎಷ್ಟು ಹಿಡಿದಿದ್ದಾರೆ? ಅಪ್ಪ ಕೊಟ್ಟ ದುಡ್ಡಿನಿಂದ ಆ ಹುಡುಗನಿಗೆ ಇದು ಗೊತ್ತಾಗುವುದಿಲ್ಲ. 'ನನ್ನ ಗಾಡೀನೇ ಯಾಕೋ?' ಅಂತ ನೀವು ಕೇಳಬೇಕು, ಅವನು ತಲೆ ಬಗ್ಗಿಸಿಯಾದರೂ ಉತ್ತರ ಕೊಡಬೇಕು. ಪಾಪ, ಅವನಿಗೂ ಬಾಯಿ ಬಿಡಲು ಯಾರೂ ಅವಕಾಶ ಕೊಟ್ಟಿಲ್ಲ.

ಮಾಡಬೇಕಾದ್ದು ಒಂದೇ. ಹುಡುಗ ಎದುರಿಗೆ ಬಂದು ಕೂರುವವರೆಗೂ ಸಹಿ ಹಾಕಬೇಡಿ. ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ನಡುವೆ ಕೂರಲು ಎರಡೂ ಮನೆಗೆ ಸೇರದ ಒಬ್ಬರು ಬೇಕು ಅನ್ನಿ, ಅವರು ಮೊದಲು ನಿಮ್ಮಿಬ್ಬರ ಹತ್ತಿರವೂ ಬೇರೆ ಬೇರೆ ಮಾತಾಡಲಿ. ಅವನನ್ನು ನೋಡುವುದೇ ಬೇಡ ಅನ್ನಿಸಿದರೆ ಅದೂ ಸರಿ, ನಿಮ್ಮನ್ನು ಯಾರೂ ಒತ್ತಾಯ ಮಾಡುವಂತಿಲ್ಲ. ಆಗ ಕೇಸು ನಡೆಯಲಿ.

ಕೂತಿರಾದರೆ, ಅವತ್ತು ಯಾರು ಬಂದರೂ ಟೀ ಮಾಡಲು ಏಳಬೇಡಿ.