ಬರಹಗಾರರಿಗೆ ಸಲಹೆ: ಮಲ್ಪೆಯ ಫೋನಿನಿಂದ ಶುರು ಮಾಡಿ

ಮಾಷ್ಟ್ರೇ, ನಮಸ್ಕಾರ.

ವಿದ್ಯಾರ್ಥಿಗಳ ಮಾಹಿತಿ ಮತ್ತು ಕಾನೂನಿನ ಬಗ್ಗೆ ನೀವು ಉಡುಪಿಯಿಂದ ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಗೆ ಆಗುವುದಿಲ್ಲ. ಆದರೆ ವಾಪಸ್ ಕಳಿಸಲಿಕ್ಕೂ ಮನಸ್ಸಿಲ್ಲ. ಕಾರಣ, ಐದನೇ ಪುಟ.

ಮಲ್ಪೆ ಬಂದರಿನಲ್ಲಿ ಅಪ್ಪ ಬೋಟಿನಿಂದ ಬಂಗುಡೆ ಇಳಿಸುತ್ತಿದ್ದಾರೆ. ಮಗಳ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ಒಂದು ದಿನವೂ ಆಗಿಲ್ಲ. ಹೆಸರೇ ಕೇಳದ ಯಾವುದೋ ಕಾಲೇಜಿನಿಂದ ಫೋನ್. ಹುಡುಗಿಯ ಹೆಸರು, ಗಣಿತದ ಮಾರ್ಕು ಎಲ್ಲ ಅವರಿಗೆ ಗೊತ್ತು. ಒದ್ದೆ ಕೈಯಲ್ಲೇ ಫೋನ್ ಹಿಡಿದು ಅಪ್ಪ ಕೇಳುತ್ತಾರೆ, ‘ನನ್ನ ನಂಬರ್ ನಿಮಗೆ ಯಾರು ಕೊಟ್ಟದ್ದು?’

ಇದನ್ನು ಐದನೇ ಪುಟದಲ್ಲಿ ಅಡಗಿಸಿಟ್ಟಿದ್ದೀರಲ್ಲ ಮಾರಾಯ್ರೆ! ಅಲ್ಲಿಂದಲೇ ಶುರು ಮಾಡಿ. ‘ಮಾಹಿತಿ ತಂತ್ರಜ್ಞಾನದ ಈ ಯುಗದಲ್ಲಿ’ ಎಂಬ ಮೊದಲ ನಾಲ್ಕು ಪುಟ ಹೊಡೆದುಹಾಕಿ. ಪುಟ್ಟಸ್ವಾಮಿ ಪ್ರಕರಣಕ್ಕೆ ಎರಡು ಸಾಲು ಸಾಕು: 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಕೇಸು ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ಒಂದು ತಪ್ಪೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಿಂದಲೇ ಜಾರಿಯಲ್ಲಿದೆ ಎಂದು ಬರೆದಿದ್ದೀರಿ. ಆಗ ಪಾಸಾದದ್ದು ಮಾತ್ರ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಹೆತ್ತವರ ಒಪ್ಪಿಗೆಯಂಥ ಮುಖ್ಯ ವಿಷಯಗಳಿಗೆ ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಈ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ, ಪಿಯುಸಿಯವರೂ ಸೇರಿ. ಅದನ್ನು ಬರೆಯಲು ಮರೆತಿದ್ದೀರಿ.

‘ಮಾಹಿತಿ ಹಂಚುವುದನ್ನೇ ನಿಷೇಧಿಸಬೇಕು’ ಎಂಬ ನಿಮ್ಮ ವಾದ ಸ್ವಲ್ಪ ಜಾಸ್ತಿಯಾಯಿತು. ಹುಡುಗಿ ಶಾಲೆ ಬದಲಿಸಿದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿರುವ ಅವಳ ದಾಖಲೆಯೂ ಜೊತೆಗೆ ಹೋಗಬೇಡವೇ? ಸ್ಕಾಲರ್‌ಶಿಪ್ ಬರಲು ಬ್ಯಾಂಕ್ ಖಾತೆ ಕೊಡಬೇಕಲ್ವಾ? ಆ ಅಪ್ಪ ನಂಬರ್ ಕೊಟ್ಟದ್ದು ಮಗಳು ಶಾಲೆಗೆ ಬಾರದಿದ್ದರೆ ತಿಳಿಸಲಿ ಎಂದು. ಅದು ಬಳಕೆಯಾದದ್ದು ಸೀಟು ತುಂಬಿಸಲಿಕ್ಕೆ. ಜಗಳ ಇರುವುದು ಅಲ್ಲಿ. ಯಾವ ಕೆಲಸಕ್ಕೆ ಒಪ್ಪಿಗೆ ಕೇಳಿದರೋ ಅದಕ್ಕೆ ಮಾತ್ರ ಬಳಸಬೇಕು ಎನ್ನುತ್ತದೆ ಕಾಯ್ದೆ. ಕಲಿಕೆಗಾಗಿ, ಮಕ್ಕಳ ಸುರಕ್ಷತೆಗಾಗಿ ನಿಗಾ ಇಡಲು ಶಾಲೆಗಳಿಗೆ ವಿನಾಯಿತಿ ಇದೆ. ನಂಬರ್ ದಾಟಿಸಲಿಕ್ಕೆ ಇಲ್ಲ.

ಇನ್ನೊಂದು, ಹೇಳಲು ಸ್ವಲ್ಪ ಮುಜುಗರ. ‘ಸಾಕ್ಷಿಗೆ ಇರಲಿ’ ಎಂದು ನಿಮ್ಮ ತರಗತಿಯ ಮಾರ್ಕ್ಸ್ ಲಿಸ್ಟಿನ ಫೋಟೊ ನನಗೆ ವಾಟ್ಸಾಪ್ ಮಾಡಿದ್ದೀರಿ. 43 ಮಕ್ಕಳ ಹೆಸರು, ಹೆತ್ತವರ ಮೊಬೈಲ್ ನಂಬರ್ ಸಮೇತ. ನಾನು ಅಳಿಸಿದ್ದೇನೆ. ನೀವೂ ಅಳಿಸಿ, ಆಮೇಲೆ ಬರೆಯಲು ಕೂತುಕೊಳ್ಳಿ.